ದಪ್ಪ ಹರಳಿನ ಎರಕ

ಎರಕದ ಕಾರ್ಖಾನೆಯಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ಉಕ್ಕಿನ ಮೇಲೆ ಎಣ್ಣೆ ಸವರಿ, ಪ್ರೋಬ್ ಒತ್ತಿ, ಯಾರ ಕಿವಿಗೂ ಕೇಳಿಸದ ಶಬ್ದವನ್ನು ಒಳಕ್ಕೆ ಬಿಡುವುದು ಅವಳ ಕೆಲಸ. ಶಬ್ದ ಆಚೆ ಬದಿಗೆ ತಾಗಿ ಮರಳಿದರೆ ಪರದೆಯ ಮೇಲೆ ಗೆರೆಯೊಂದು ನೆಟ್ಟಗೆ ಏಳುತ್ತದೆ. ನಡುವೆ ಬಿರುಕಿದ್ದರೆ ಆ ಗೆರೆ ಕುಸಿಯುತ್ತದೆ.

"ಉಕ್ಕಿನ ಹೊಟ್ಟೆನೋವೂ ಕೇಳ್ಸುತ್ತೆ ಇವಳಿಗೆ, ನಾನು ಟೀ ಕೇಳಿದ್ದು ಮಾತ್ರ ಕೇಳ್ಸಲ್ಲ" ಎಂದು ಮಾವ ನಗುತ್ತಿದ್ದರು. ಅವರು ಅಲ್ಲೇ ಅಚ್ಚಿನ ಮೇಸ್ತ್ರಿ. ಮಗ ತೀರಿಹೋದ ಮೇಲೆ ಸೊಸೆಯನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ.

ಒಮ್ಮೆ ಮಾವ ಅಚ್ಚು ಕಟ್ಟಿ ಎರೆದ ದೊಡ್ಡ ಪಂಪಿನ ಕವಚವೊಂದು ಅವಳ ಮುಂದೆ ಬಂತು. ದಪ್ಪನೆಯ ಭಾಗದಲ್ಲಿ ನೆಟ್ಟನೆಯ ಗೆರೆ ಮಾಯ. ಬರೀ ಹುಲ್ಲಿನಂಥ ಕುರುಚಲು. ಒರೆಸಿ ಮತ್ತೆ ನೋಡಿದಳು, ಅದೇ. ಮನೆಯವರೆಂದು ಮುಚ್ಚಿಟ್ಟರೆ ನಾಳೆ ಯಾರ ಪ್ರಾಣಕ್ಕೆ ಕುತ್ತು ಬರುತ್ತದೋ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಮ್ಯಾನೇಜರಿಗೆ "ಒಳಗೆ ಬಿರುಕಿದೆ ಸರ್" ಅಂದಳು.

"ಮೇಸ್ತ್ರಿಗೆ ವಯಸ್ಸಾಯ್ತು. ಮನೇಲಿ ಕೂತ್ಕೊಳ್ಳಲಿ" ಅಂದ ಮ್ಯಾನೇಜರು ಅದೇ ವಾರ ಅವರನ್ನು ಬಿಡಿಸಿದರು.

ಮಾವ ರೇಗಲಿಲ್ಲ. "ಕಂಡದ್ದು ಹೇಳಿದ್ದೀಯ, ತಪ್ಪೇನಮ್ಮ?" ಅಂದರು. ಆದರೆ ಆಮೇಲೆ ನಲ್ಲಿ ಸೋರಿದರೂ ಮುಟ್ಟಲಿಲ್ಲ. ತರಕಾರಿ ಹೆಚ್ಚಲು ಕೂತರೆ ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತುಬಿಡುತ್ತಿದ್ದರು.

ತಳ್ಳಿಹಾಕಿದ ಆ ಕವಚವನ್ನು ಮತ್ತೆ ಕರಗಿಸುವ ಮುಂಚೆ ಗರಗಸಕ್ಕೆ ಕೊಟ್ಟಾಗ ಅವಳೂ ಹೋಗಿ ನಿಂತಳು. ಬಿರುಕಿಲ್ಲ, ಟೊಳ್ಳಿಲ್ಲ. ಕುಯ್ದ ಮೈಗೆ ಆಸಿಡ್ ಸವರಿದಾಗ ಸಂಗತಿ ಬಯಲಾಯಿತು: ಆ ದಪ್ಪ ಭಾಗ ನಿಧಾನವಾಗಿ ಆರಿದ್ದರಿಂದ ಉಕ್ಕಿನ ಹರಳುಗಳು ದಪ್ಪದಪ್ಪಗೆ ಬೆಳೆದಿದ್ದವು. ಶಬ್ದ ಅವಕ್ಕೆ ಬಡಿದು ದಿಕ್ಕಾಪಾಲಾಗಿ ಚದುರಿತ್ತು, ಅಷ್ಟೇ. ಇನ್ನಷ್ಟು ಕಡಿಮೆ ಕಂಪನದ ಶಬ್ದ ಬಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಅವಳಿಗೆ ಅದು ಹೊಳೆದೇ ಇರಲಿಲ್ಲ.

"ತಪ್ಪು ನಂದು ಸರ್, ಅವರನ್ನ ವಾಪಸ್ ಕರೀರಿ."

"ಆ ಜಾಗಕ್ಕೆ ಬೇರೆಯವ್ರು ಬಂದಾಯ್ತಲ್ಲಮ್ಮ" ಅಂದರು ಮ್ಯಾನೇಜರು.

ಮನೆಗೆ ಬಂದು, ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದಳು.

"ಅಚ್ಚು ಸರಿಯಾಗೇ ಇತ್ತು ಅಂತ ನಂಗೆ ಗೊತ್ತಿತ್ತು ಕಣಮ್ಮ. ನೀನು ಹೇಳಿದ್ಮೇಲೆ ನನ್ನ ಕೈಯನ್ನ ನಂಬದೆ ನಿನ್ನನ್ನೇ ನಂಬಿದೆ" ಅಂದರು ಮಾವ.

ಅವಳು ಅಲ್ಲೇ ಕುಸಿದು ಅತ್ತಳು. ತಲೆ ಸವರಲು ಅವರು ಕೈ ಎತ್ತಿದರು. ಆ ಕೈಯನ್ನೇ ಒಮ್ಮೆ ನೋಡಿ, ಹಾಗೇ ಇಳಿಸಿಬಿಟ್ಟರು.

ಅವಳು ಕೆಲಸ ಬಿಡುವಂತಿರಲಿಲ್ಲ, ಮನೆ ನಡೆಯಬೇಕಲ್ಲ. ಬೆಳಿಗ್ಗೆ "ಬರ್ತೀನಿ ಮಾವ" ಎಂದರೆ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದಲ್ಲಿಂದಲೇ "ಹೂಂ" ಅನ್ನುತ್ತಿದ್ದರು.