ಎಂಟು ಅಡಿಯ ಸ್ಕ್ರೂ

ಕೂದಲೆಳೆ ಎಂಬುದು ಬಡಗಿಯ ಹೆಸರಲ್ಲ, ಜೊತೆ ಕೆಲಸ ಮಾಡಿದವರು ಇಟ್ಟ ಅಡ್ಡಹೆಸರು. ಯಾರು ಏನೇ ಮಾಡಿ ತಂದು ತೋರಿಸಲಿ, ಒಂದು ಕಣ್ಣು ಮುಚ್ಚಿ ನೋಡಿ, ಒಂದು ಕೂದಲೆಳೆ ಆಚೆಗಿದೆ ಎನ್ನದೆ ಬಿಟ್ಟವನಲ್ಲ. ತಲೆಯ ಮೇಲೆ ಒಂದೂ ಉಳಿಯಲಿಲ್ಲ, ಅದಕ್ಕೇ ಎಲ್ಲ ಬಾಯಿಗೆ ಬಂದಿವೆ ಎಂದು ಅವನ ಹೆಂಡತಿಯೇ ನಗುತ್ತಿದ್ದಳು.

ಮೂವತ್ತೈದು ವರ್ಷ ಬಾಗಿಲು ಮಾಡಿದ ಕೈ ಅವನದು. ಕದದ ಸುತ್ತ ಬಳ್ಳಿಯ ಅಂಚು ಕೆತ್ತುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಎರಡು ವರ್ಷದ ಕೆಳಗೆ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಹಿಡಿತ ಕೂಡಲಿಲ್ಲ. ಉಳಿ ಹಿಡಿದು ಸ್ವಲ್ಪ ಹೊತ್ತಾದರೆ ಸಾಕು, ಬೆರಳುಗಳಿಗೆ ಜೋಮು ಹತ್ತುತ್ತದೆ. ಅಂದಿನಿಂದ ಅವನು ಪ್ಲೈವುಡ್ ಕಪಾಟು ಮಾಡಿಕೊಂಡಿದ್ದ. ಕಪಾಟು ಕೆಟ್ಟ ಕೆಲಸವೇನಲ್ಲ. ಆದರೆ ಸಂಜೆ ಮನೆಗೆ ಬಂದರೆ ಯಾವ ಮನೆಗೆ ಏನು ಮಾಡಿದೆ ಎಂಬ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಹೀಗಿರುವಾಗ ಬೀದಿಯ ತುದಿಯ ಡಾಕ್ಟರಮ್ಮ ಹೊಸ ಮನೆಗೆ ಹೆಬ್ಬಾಗಿಲು ಬೇಕೆಂದು ಕೇಳಿ ಬಂದರು. ಏಳಡಿ ಎತ್ತರ, ಎರಡು ಕದ, ಸುತ್ತ ಬಳ್ಳಿ. ಮೂರು ತಿಂಗಳು ಕಾಯುತ್ತೇನೆ, ಆಗದಿದ್ದರೆ ದೊಡ್ಡ ಕಾರ್ಖಾನೆಗೆ ಕೊಡುತ್ತೇನೆ ಎಂದರು. ಬಡಗಿ ಹೂಂ ಅಂದುಬಿಟ್ಟ. ಅವರು ಹೋದ ಮೇಲೆ ಹೆಂಡತಿ, ಯಾವ ಕೈಯಿಂದ ಹೂಂ ಅಂದಿರಿ ಎಂದು ಕೇಳಿದಳು. ಇದೊಂದು ಬಾಗಿಲು ಆಗದಿದ್ದರೆ ಇನ್ನು ಉಳಿಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದ. 

ಅವನ ಮನಸ್ಸಿನಲ್ಲಿದ್ದದ್ದು ಯಂತ್ರ. ಒಂದು ದೊಡ್ಡ ಮೇಜು, ಅದರ ಮೇಲೆ ಅಡ್ಡಲಾಗಿ ಒಂದು ಸೇತುವೆ, ಸೇತುವೆಗೆ ನೇತುಬಿದ್ದ ಕೆತ್ತುವ ಮೋಟಾರು. ಕಂಪ್ಯೂಟರು ಹೇಳಿದ ದಾರಿಯಲ್ಲಿ ಮೋಟಾರು ಓಡಾಡಿ ಮರ ಕೊರೆಯುತ್ತದೆ. ಅಂಥದ್ದನ್ನು ಮನೆಯಲ್ಲೇ ಕಟ್ಟಿಕೊಂಡವರಿದ್ದಾರೆಂದು ಸೊಸೆ ಫೋನಿನಲ್ಲಿ ತೋರಿಸಿದ್ದಳು. ಅವಳು ಮುದ್ರಣಾಲಯದಲ್ಲಿ ಅಕ್ಷರ, ಚಿತ್ರ ಜೋಡಿಸುವವಳು. ಮಾವನ ಹಳೆಯ ಬಳ್ಳಿಗಳನ್ನೆಲ್ಲ ಕಾಗದದಿಂದ ಕಂಪ್ಯೂಟರಿಗೆ ಇಳಿಸುವ ಕೆಲಸ ತನ್ನದು ಎಂದು ಒಪ್ಪಿಕೊಂಡಳು. ಮೇಜು, ಸೇತುವೆ ಎಲ್ಲ ಬಡಗಿಗೆ ಎಡಗೈ ಕೆಲಸ. ಆದರೆ ಆ ಸೇತುವೆಯನ್ನು ಎಳೆದಾಡಿಸುವುದು ಯಾವುದು? ಬೆಲ್ಟೋ, ಸ್ಕ್ರೂವೋ, ಹಲ್ಲುಪಟ್ಟಿಯೋ? ಇದೊಂದು ಪ್ರಶ್ನೆ ಮನೆಯವರನ್ನೆಲ್ಲ ಹುರಿದು ಮುಕ್ಕಿತು.

ಓದಿ ನಂಬುವ ಜಾತಿಯವನಲ್ಲ ಬಡಗಿ. ಮೊದಲು ಬೆಲ್ಟು ತಂದು ಕಟ್ಟಿದ. ಮೆತ್ತನೆಯ ಮರದಲ್ಲಿ ಒಂದು ವೃತ್ತ ಕೊರೆಸಿದರೆ ಚಂದ್ರನ ಹಾಗೆ ಬಂತು. ಗಟ್ಟಿ ಮರ ಇಟ್ಟರೆ ಹೊರಟ ಜಾಗಕ್ಕೆ ಮರಳಿ ಬರಲಿಲ್ಲ, ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡಿತು. ಬಟ್ಟೆ ಹೊಲಿದೇ ಮಗನನ್ನು ಓದಿಸಿದ ಹೆಂಡತಿ ಬಗ್ಗಿ ನೋಡಿ, ನನ್ನ ಯಂತ್ರದ ಬೆಲ್ಟಿನದೂ ಇದೇ ಗೋಳು, ದಪ್ಪ ಬಟ್ಟೆ ಕಂಡರೆ ಹಿಗ್ಗಿ ಜಾರುತ್ತದೆ ಎಂದಳು. ಬೆಲ್ಟು ಗೂಟಕ್ಕೆ ನೇತುಬಿತ್ತು.

ಆಗ ಬಂದವನು ಟರ್ನರ್. ಹೆಂಡತಿಯ ಅಣ್ಣ, ಕಾರ್ಖಾನೆಯಲ್ಲಿ ಕಬ್ಬಿಣ ಕಡೆದು ನಿವೃತ್ತನಾದವನು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಾರೆ. ಮೂವತ್ತು ವರ್ಷದಿಂದ ಮರ ದೊಡ್ಡದೋ ಕಬ್ಬಿಣ ದೊಡ್ಡದೋ ಎಂದು ಜಗಳವಾಡುತ್ತಲೇ ಇದ್ದಾರೆ. ಟರ್ನರ್ ಅಂದು ಹೆಗಲ ಮೇಲೆ ಉದ್ದದ ಪೊಟ್ಟಣವೊಂದನ್ನು ಹೊತ್ತು ಬಂದಿದ್ದ. ಎಣ್ಣೆಬಟ್ಟೆ ಬಿಚ್ಚಿದರೆ ಒಳಗೆ ಹೆಬ್ಬೆರಳು ದಪ್ಪದ, ಎಂಟು ಅಡಿಯ, ಕನ್ನಡಿಯ ಹಾಗೆ ಹೊಳೆಯುವ ಬಾಲ್ ಸ್ಕ್ರೂ. ಅದು ತಿರುಗಿದಂತೆ ಅದರ ಮೇಲಿನ ನಟ್ಟು ಹಿಂದೆ ಮುಂದೆ ಸರಿಯುತ್ತದೆ. ಅವನು ಹತ್ತೊಂಬತ್ತು ವರ್ಷ ದುಡಿದ ಯಂತ್ರವನ್ನು ಗುಜರಿಗೆ ಹಾಕಿದಾಗ ಸಾಹೇಬರನ್ನು ಬೇಡಿ ಅದನ್ನು ಉಳಿಸಿಕೊಂಡಿದ್ದನಂತೆ. ಅಂದಿನಿಂದ ಅದು ಅವನ ಮಂಚದ ಕೆಳಗೆ ಮಲಗಿತ್ತು.

“ಬೆಲ್ಟು ಗಿಲ್ಟು ಅಂತ ಆಟ ಆಡಬೇಡ ಭಾವ. ಇದನ್ನ ಹಾಕು. ಹೇಳಿದ ಜಾಗದಿಂದ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.”

ಅದನ್ನು ಕೊಡುವಾಗ ಅವನ ಮುಖ ಮಗಳನ್ನು ಧಾರೆ ಎರೆದು ಕೊಡುವವನ ಮುಖದಂತಿತ್ತು. ಬಡಗಿ ಎರಡೂ ಕೈಯಲ್ಲಿ ತೆಗೆದುಕೊಂಡ.

ಕೂರಿಸಲು ನಾಲ್ಕು ದಿನ ಹಿಡಿಯಿತು. ನಿಧಾನವಾಗಿ ತಿರುಗಿಸಿದರೆ ಸೇತುವೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸರಿಯಿತು. ಟರ್ನರ್ ಮೀಸೆ ತಿರುವಿದ. ವೇಗ ಹೆಚ್ಚಿಸಿದರು. ಉದ್ದದ ಸ್ಕ್ರೂ ನಡುವೆ ಬಳುಕತೊಡಗಿತು. ಇನ್ನೂ ಹೆಚ್ಚಿಸಿದಾಗ ಇಬ್ಬರು ಹುಡುಗಿಯರು ಎರಡು ತುದಿ ಹಿಡಿದು ಬೀಸುವ ಹಗ್ಗದ ಹಾಗೆ ಕುಣಿಯಿತು. ಮೇಜೇ ಗಡಗಡ ನಡುಗಿತು. ಹಾಗಾದರೆ ನಿಧಾನವಾಗಿಯೇ ಓಡಲಿ ಎಂದ ಟರ್ನರ್. ನಿಧಾನವಾಗಿ ಓಡಿದರೆ ಮೋಟಾರಿನ ತುದಿಯ ಕೊರೆಯುವ ಬಿಟ್ ಒಂದೇ ಕಡೆ ಉಜ್ಜಿ ಉಜ್ಜಿ ಮರ ಸುಟ್ಟಿತು. ಬಳ್ಳಿಯ ಅಂಚಿಗೆಲ್ಲ ಕಾಡಿಗೆ ಹಚ್ಚಿದಂತಾಯಿತು. ಸಾಲದ್ದಕ್ಕೆ ಟರ್ನರ್ ದಿನಾ ಬೆಳಿಗ್ಗೆ ಬಂದು ಸ್ಕ್ರೂವಿಗೆ ಧಾರಾಳವಾಗಿ ಗ್ರೀಸು ಬಳಿಯುತ್ತಿದ್ದ. ಕಬ್ಬಿಣದವನಿಗೆ ಎಣ್ಣೆಯೇ ದೇವರು. ಮರದ ಪುಡಿ ಹಾರುವ ಜಾಗದಲ್ಲಿ ಆ ದೇವರು ಸಂಜೆಯ ಹೊತ್ತಿಗೆ ಕಲಸಿದ ಹಿಟ್ಟಾಗುತ್ತಿತ್ತು. ಅವನು ಹೋದ ಮೇಲೆ ಬಡಗಿ ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಕೂತು ಎಲ್ಲ ಕೆರೆದು ತೆಗೆಯುತ್ತಿದ್ದ.

ಈ ಉದ್ದಕ್ಕೆ ಹಲ್ಲುಪಟ್ಟಿಯೇ ಸರಿ ಎಂದು ಎರಡನೆಯ ದಿನವೇ ಅವನಿಗೆ ಗೊತ್ತಾಗಿತ್ತು. ಪಟ್ಟಿ ಮೇಜಿಗೆ ಅಂಟಿ ಸುಮ್ಮನಿರುತ್ತದೆ, ಹಲ್ಲಿನ ಚಕ್ರ ಮಾತ್ರ ಅದರ ಮೇಲೆ ಉರುಳಿ ಸೇತುವೆಯನ್ನು ಒಯ್ಯುತ್ತದೆ. ತಿರುಗದೆ ಬಿದ್ದಿರುವುದು ಎಷ್ಟು ಉದ್ದವಿದ್ದರೂ ಬಳುಕುವುದಿಲ್ಲ. ಇಷ್ಟನ್ನು ಹೇಳಬೇಕು. ಆದರೆ ಊರಿಗೆಲ್ಲ ಕೂದಲೆಳೆ ತಪ್ಪು ತೋರಿಸಿದವನ ನಾಲಿಗೆ ಇಲ್ಲಿ ಏಳಲಿಲ್ಲ. ಹೆಂಡತಿ, ನಾನೇ ಅಣ್ಣನಿಗೆ ಹೇಳಲೇ ಎಂದರೆ, ಬೇಡ ಮಾರಾಯ್ತಿ, ಅವನ ಹತ್ತೊಂಬತ್ತು ವರ್ಷ ಅದು ಎಂದ. ಡಾಕ್ಟರಮ್ಮ ಕೊಟ್ಟ ಗಡುವಿನಲ್ಲಿ ಐದು ವಾರ ಉಳಿದಿತ್ತು.

ಕೊನೆಗೆ ಅವನು ಮಾಡಿದ್ದು, ಬಾಗಿಲು ಬಲ್ಲ ಬೇರೆ ಯಾವ ಬಡಗಿಯೂ ಮಾಡದ ಕೆಲಸ. ಸ್ಕ್ರೂವಿನ ಎರಡೂ ತುದಿಯ ಹತ್ತಿರ ಬಳುಕು ಕಡಿಮೆಯಿತ್ತು. ಹಲಗೆ ಅರ್ಧವಾದರೆ ಆ ತುದಿಯಲ್ಲೇ ಕೆತ್ತಿ, ಆಮೇಲೆ ನಡುವೆ ಕೂಡಿಸಿ, ಕೂಡಿಸಿದ್ದು ಕಾಣದ ಹಾಗೆ ಮೇಲೊಂದು ಅಡ್ಡಪಟ್ಟಿ ಹೊಡೆದರಾಯಿತು ಎಂದು ಲೆಕ್ಕ ಹಾಕಿದ. ಎಂಟು ವರ್ಷ ನೆರಳಲ್ಲಿ ಒಣಗಿದ, ಒಂದು ಸೀಳೂ ಇಲ್ಲದ ಅಂಚಿನ ಹಲಗೆಯೊಂದನ್ನು ಮೇಜಿಗೆ ಬಿಗಿದು, ಎಡಗೈಯಲ್ಲಿ ಗರಗಸ ಹಿಡಿದು ನಟ್ಟನಡುವೆ ಕುಯ್ದ. ಕುಯ್ದು ಮುಗಿಯುವ ಹೊತ್ತಿಗೆ ಟರ್ನರ್ ಗ್ರೀಸಿನ ಡಬ್ಬಿ ಹಿಡಿದು ಒಳಗೆ ಬಂದ.

“ಯಾಕೆ ಕುಯ್ದೆ ಭಾವ ಇದನ್ನ?”

“ಗಂಟಿತ್ತು.”

ಟರ್ನರ್ ಡಬ್ಬಿ ಕೆಳಗಿಟ್ಟು ಎರಡೂ ತುಂಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಮೇಲೆ ನೋಡಿದ, ಕೆಳಗೆ ನೋಡಿದ, ಕುಯ್ದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದ.

“ಎಲ್ಲಿದೆ ಗಂಟು? ಮೂವತ್ತು ವರ್ಷದಲ್ಲಿ ನೀನು ನನಗೆ ಹೇಳಿದ ಮೊದಲನೇ ಸುಳ್ಳು ಇದು. ಅದೂ ಸರಿಯಾಗಿ ಬರಲಿಲ್ಲ.”

ಬಡಗಿ ಗರಗಸದ ಹಲ್ಲುಗಳನ್ನು ಒರೆಸುತ್ತ ನಿಂತ. ಟರ್ನರ್ ಯಂತ್ರದ ಹತ್ತಿರ ಹೋಗಿ ವೇಗದ ಗುಂಡಿ ತಿರುವಿ ಸ್ಕ್ರೂ ಕುಣಿಯುವುದನ್ನು ತುಂಬ ಹೊತ್ತು ನೋಡಿದ. ಆಮೇಲೆ ತಾನೇ ನಿಲ್ಲಿಸಿ ಸ್ಟೂಲಿನ ಮೇಲೆ ಕುಳಿತ.

“ಅಲ್ಲಿ ಇದು ಮೆಲ್ಲಗೆ ತಿರುಗ್ತಿತ್ತು. ಮೈತುಂಬ ಎಣ್ಣೆ, ಮೇಲೆ ಮುಚ್ಚಳ, ಧೂಳು ಅನ್ನೋದೇ ಗೊತ್ತಿರಲಿಲ್ಲ. ಮೊದಲನೇ ದಿನವೇ ನನಗೂ ಗೊತ್ತಾಯ್ತು. ನೀನು ಬಾಯಿ ಬಿಡ್ತೀಯ, ಆಮೇಲೆ ಒಪ್ಪಿಕೊಳ್ಳೋಣ ಅಂತ ಕಾದೆ. ಎರಡು ವಾರದಿಂದ ಕೂದಲೆಳೆ ಅನ್ನೋ ಮಾತೇ ಇಲ್ಲ, ಹುಷಾರಿಲ್ಲವೇನೋ ಅಂದುಕೊಂಡೆ.”

“ನೀನು ಹೇಳಬಹುದಿತ್ತಲ್ಲ.”

“ನನ್ನ ಸ್ಕ್ರೂನ ನಾನೇ ಬೈಯಲಾ?”

ಚಹಾ ತಂದ ಹೆಂಡತಿ ಲೋಟಗಳನ್ನು ಮರದ ತುಂಡುಗಳ ಮೇಲೆಯೇ ಇಟ್ಟು, ಇಬ್ಬರ ಮರ್ಯಾದೆಗೆ ಒಂದು ಒಳ್ಳೆಯ ಹಲಗೆ ಬಲಿಯಾಯಿತು ಎಂದು ಹೇಳಿ ಒಳಗೆ ಹೋದಳು.

ಮರುದಿನ ಟರ್ನರ್ ತಾನೇ ಸ್ಕ್ರೂ ಬಿಚ್ಚಿದ. ಪರಿಚಯದವನ ಲೇತ್ ಅಂಗಡಿಗೆ ಒಯ್ದು, ಯಾರ ಕೈಗೂ ಕೊಡದೆ, ತಾನೇ ಅರೆಯುವ ಚಕ್ರದಲ್ಲಿ ಅದನ್ನು ನಾಲ್ಕೂವರೆ ಅಡಿಗೆ ತುಂಡರಿಸಿದ. ಜೊತೆಗೆ ಹೋದ ಬಡಗಿ ಕಿಡಿ ಹಾರುವಾಗ ಬೇರೆ ಕಡೆ ನೋಡುತ್ತ ನಿಂತಿದ್ದ. ತುದಿ ಕಡೆದು ತಂದ ಆ ತುಂಡನ್ನು ಟರ್ನರ್ ಸೇತುವೆಗೆ ಅಡ್ಡಲಾಗಿ ಕೂರಿಸಿದ. ಬಾಗಿಲ ಅಗಲಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಗಿಡ್ಡವಾದ ಮೇಲೆ ಎಷ್ಟು ವೇಗಕ್ಕೂ ಬಳುಕಲಿಲ್ಲ. ಅದರ ಮೇಲೆ ಬಡಗಿ ತೆಳುವಾದ ಮರದ ಮುಚ್ಚಳ ಮಾಡಿ ಹಾಕಿದ.

ಉದ್ದಕ್ಕೆ ಎರಡೂ ಬದಿಗೆ ಹಲ್ಲುಪಟ್ಟಿ ಬಂತು. ಸಿಕ್ಕಿದ ಪಟ್ಟಿಗಳು ಮೂರು ಮೂರು ಅಡಿಯವು, ಒಂದರ ತುದಿಗೆ ಇನ್ನೊಂದನ್ನು ಕೂಡಿಸಬೇಕು. ಕೂಡುವ ಜಾಗದಲ್ಲಿ ಹಲ್ಲಿನ ಅಂತರ ತಪ್ಪಿದರೆ ಚಕ್ರ ಎಡವುತ್ತದೆ. ಟರ್ನರ್ ಪ್ರತಿ ಕೂಡಿನಲ್ಲೂ ಇನ್ನೊಂದು ತುಂಡನ್ನು ಆ ಎರಡರ ಮೇಲೆ ಬೋರಲು ಹಾಕಿ, ಹಲ್ಲಿಗೆ ಹಲ್ಲು ಕಚ್ಚಿಸಿ, ಹಾಗೆಯೇ ಬಿಗಿದ. ಬಡಗಿ ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿಯೂ ನೋಡಿದ.

“ಏನಾದರೂ ಇದ್ದರೆ ಈಗಲೇ ಹೇಳು. ಆಮೇಲೆ ಹಲಗೆ ಕುಯ್ಯಬೇಡ.”

“ಇಲ್ಲ ಭಾವ, ಸರಿಯಾಗಿದೆ.”

ಮಾವನ ಬಾಯಲ್ಲಿ ಆ ಮಾತು ಕೇಳಿದ್ದು ತಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು ಎಂದು ಸೊಸೆ ಹೇಳಿದಳು.

ಮೊದಲ ಕದದ ಬಳ್ಳಿಯನ್ನು ಯಂತ್ರ ಒಂದು ಶನಿವಾರ ಮಧ್ಯಾಹ್ನವಿಡೀ ಕೊರೆಯಿತು. ನಾಲ್ವರೂ ಮೇಜಿನ ಸುತ್ತ ನಿಂತೇ ಇದ್ದರು. ಸುಟ್ಟ ಗುರುತಿಲ್ಲ, ನಡುಕವಿಲ್ಲ, ಹೊರಟ ಬಳ್ಳಿ ಏಳಡಿ ಏರಿ, ಅಡ್ಡ ತಿರುಗಿ, ಇಳಿದು ತನ್ನ ಬುಡಕ್ಕೇ ಬಂದು ಸೇರಿತು. ಎಲೆಯ ಕಂಕುಳುಗಳಲ್ಲಿ ಮಾತ್ರ ಒಂದು ಕೊರತೆ ಉಳಿಯಿತು. ದುಂಡನೆಯ ಬಿಟ್ ಚೂಪು ಮೂಲೆ ತೆಗೆಯಲಾರದು, ಅಲ್ಲೆಲ್ಲ ಮೊಂಡಾಗಿತ್ತು. ಇದಕ್ಕೇನು ಉಪಾಯ ಎಂದು ಟರ್ನರ್ ಕೇಳಿದ.

ಬಡಗಿ ಗೋಡೆಯ ಪಟ್ಟಿಯಿಂದ ಸಣ್ಣ ಉಳಿಯೊಂದನ್ನು ತೆಗೆದು ಬಲಗೈಯಲ್ಲಿ ಹಿಡಿದ. ಮೊದಲ ಮೂಲೆ, ಎರಡನೆಯದು, ಮೂರನೆಯದು. ಚೂಪಾದ ಎಲೆಗಳು ಒಂದೊಂದಾಗಿ ಎದ್ದು ನಿಂತವು. ಎಂಟನೆಯದಕ್ಕೆ ಬೆರಳು ಜೋಮು ಹಿಡಿಯಿತು. ಉಳಿ ಕೆಳಗಿಟ್ಟು, ಉಳಿದ ಮೂಲೆಗಳನ್ನು ಎಣಿಸಿದ. ದಿನಕ್ಕೆ ಎಂಟರಂತೆ ಒಂಬತ್ತು ದಿನ. ಇನ್ನೊಂದು ಕದಕ್ಕೆ ಹತ್ತು. ಡಾಕ್ಟರಮ್ಮನ ಗಡುವಿಗೆ ಮೂರು ವಾರವಿತ್ತು.

“ಸಾಕಾಗುತ್ತೆ” ಎಂದು, ಅವನು ಎರಡನೆಯ ಕದದ ಹಲಗೆಗಳನ್ನು ಆರಿಸಲು ಎದ್ದ.