ಮೊಳೆಯಿಲ್ಲದ ಕುರ್ಚಿ

ಮೋನಪ್ಪ ಬಡಿಗೇರ ನಿಜಾಮನ ಮನುಷ್ಯನಾಗಿದ್ದ ಎಂದು ಶಹಾಪುರದಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಯಾರು? ಕೇಳುತ್ತ ಹೋದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನಾನು ಕಣ್ಣಾರೆ ಕಂಡವನು. ಅದಕ್ಕೇ ಈ ತಕರಾರು.

ನಾನು ಕಂಡ ಮೋನಪ್ಪ ಯಾರ ಮನುಷ್ಯನೂ ಆಗುವಷ್ಟು ನಯವಂತನಲ್ಲ. ಕುರ್ಚಿ ಬೇಕೆಂದು ಬಂದವರನ್ನು ಅಂಗಡಿ ಮುಂದಿನ ಬೇವಿನ ಕೊರಡಿನ ಮೇಲೆ ಕೂರಿಸಿ, ಬೇಕೆಂದೇ ಕೆಣಕಿ ಜಗಳಕ್ಕೆಳೆಯುತ್ತಿದ್ದ. ಮಾತಿನ ಬಿಸಿಯಲ್ಲಿ ಅವರ ಬೆನ್ನು ಎಲ್ಲಿ ಬಾಗುತ್ತದೆಂದು ನೋಡಿಕೊಂಡು, ಆಮೇಲೆ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಕುರ್ಚಿಯ ರೂಪ ಬರೆಯುತ್ತಿದ್ದ. "ಅಳತಿ ಕೊಡೂ ಮುಂದ ಎಲ್ಲಾರೂ ಸಿಪಾಯಿ ಆಗ್ತಾರ. ಜಗಳಾಡೂ ಮುಂದ ಖರೇ ಬೆನ್ನು ಕಾಣ್ತದ" ಎನ್ನುತ್ತಿದ್ದ. ಶಿರವಾಳದ ಗೌಡರೊಬ್ಬರು ಕುರ್ಚಿಯ ಕೈಗೆ ಸಿಂಹದ ಮುಖ ಕೇಳಿದಾಗ, "ಗೌಡ್ರ, ನೀವು ಹೊಟ್ಟಿ ಮ್ಯಾಲ ಕೈ ಇಟ್ಕೊಂಡು ಕುಂಡ್ರಾವ್ರು. ಸಿಂಹನ್ನ ಯಾರು ಸವರಬೇಕ್ರಿ?" ಎಂದುಬಿಟ್ಟ.

ಅವನ ಕುರ್ಚಿಯಲ್ಲಿ ಮೊಳೆ ಇರುತ್ತಿರಲಿಲ್ಲ. ಬೆನ್ನಿನ ಹಲಗೆಯನ್ನು ಕೊರೆದ ಸಂದಿಗೆ ಇಳಿಸಿ, ಬೆಣೆ ಬಡಿದು ನಿಲ್ಲಿಸುತ್ತಿದ್ದ. ನಮ್ಮ ಬಿಸಿಲಿಗೆ ಸಾಗವಾನಿಯೂ ಒಂದು ಕಡೆ ಬಾಗುತ್ತದೆ. ಬೇಸಿಗೆ ಬಂದಾಗ ಬೆಣೆ ಕಿತ್ತು ಹಲಗೆಯನ್ನು ಹಿಂದುಮುಂದಾಗಿ ತಿರುವಿದರೆ ನೆಟ್ಟಗಾಗುತ್ತದೆ. ಅವನ ಕುರ್ಚಿ ಇದ್ದ ಮನೆಗಳಲ್ಲೆಲ್ಲ ಇದು ರೂಢಿ. ನಮ್ಮ ಮನೆಯಲ್ಲಿ ಆ ಕೆಲಸ ಕಾಕಾ ಅವರದು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಊರಿನ ಸರ್ಕಾರಿ ಕಚೇರಿಯ ಕುರ್ಚಿಗಳೂ ಅವನು ಮಾಡಿದವೇ. ಅಧಿಕಾರಿಗಳು ಹೇಳಿದಂತೆ ಬೆನ್ನಿನ ಹಲಗೆಗೆ ನಿಜಾಮನ ಲಾಂಛನ ಕೆತ್ತಿದ್ದ. ಆ ಆಳ್ವಿಕೆ ಮುಗಿದು ತ್ರಿವರ್ಣ ಧ್ವಜ ಏರಿದ ಮೇಲೆ ಊರ ಹಿರಿಯರು ಕುರ್ಚಿಗಳನ್ನು ಅಂಗಳಕ್ಕೆ ತಂದು ಸುಡಲು ಹೊರಟರು. ಮುಂದಾಳು ನಮ್ಮ ಕಾಕಾ. ಮೋನಪ್ಪ ಬೆಣೆ ಬಡಿಯುವ ಕೊಡತಿ ಹಿಡಿದು ಓಡಿ ಬಂದ.

"ತಡೀರೆಪ್ಪಾ! ತಪ್ಪು ಮಾಡಿದಾಂವ ಹೈದ್ರಾಬಾದಿನ್ಯಾಗ ಅದಾನ. ಕುರ್ಚಿ ಏನ್ ಮಾಡ್ಯಾದ?"

ಬೆಣೆ ಕಿತ್ತು ಹಲಗೆ ತಿರುವಿದ. ಲಾಂಛನ ಹಿಂದೆ ಹೋಯಿತು, ಮುಂದೆ ಬರಿಯ ಕಟ್ಟಿಗೆ. "ಈ ಕಡಿ ಚಕ್ರ ಕೆತ್ತತೀನಿ. ಕುಂಡ್ರಿ ಈಗ."

ಜನ ನಕ್ಕರು. ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು: "ನಿಜಾಮ ಹೊಳ್ಳಿ ಬಂದ್ರ ಹೊಳ್ಳಿ ತಿರುವ್ತಿ ಹೌದಿಲ್ಲೋ? ಅದಕ್ಕ ಹಿಂಗ ಮಾಡಿ ಇಟ್ಟೀದಿ!"

ನಗು ಅಲ್ಲಿಗೇ ನಿಂತಿತು. ಆ ಕುರ್ಚಿ ಮಾಡಿದಾಗ ನಿಜಾಮ ಹೋಗುವ ಕನಸಾದರೂ ಯಾರಿಗಿತ್ತು? ಶಾಲೆಯ ಚರ್ಚಾಸ್ಪರ್ಧೆಯಲ್ಲಾದರೆ ಈ ಒಂದೇ ಪ್ರಶ್ನೆಗೆ ಆ ಆರೋಪ ಬಿದ್ದುಹೋಗುತ್ತಿತ್ತು. ಗುಂಪಿಗೆ ತೀರ್ಪುಗಾರರಿರುವುದಿಲ್ಲ. ಅದು ಹಿರಿಯರ ಮುಖ ನೋಡುತ್ತದೆ. ಮೋನಪ್ಪನೂ ಕಾಕಾ ಅವರ ಮುಖ ನೋಡಿದ.

"ಸಾವ್ಕಾರ್ರ, ಬ್ಯಾಸಗಿ ಸಂಗತಿ ನೀವರ ಹೇಳ್ರಿ ಇವ್ರಿಗೆ."

ಕಾಕಾ ಧೋತರದ ಅಂಚು ಸರಿಮಾಡಿಕೊಂಡರು. ಕುರ್ಚಿಗಳು ಉರಿದವು.

ಆಮೇಲೆ ಬೇವಿನ ಕೊರಡಿನ ಮೇಲೆ ಯಾರೂ ಕೂರಲಿಲ್ಲ. ಅವನು ಸುರಪುರಕ್ಕೆ ಹೊರಟ ದಿನ ನಾನು ಹೋಗಿದ್ದೆ. ತನ್ನ ಮಂಚ, ಮೇಜು ಎಲ್ಲ ಬಿಚ್ಚಿ ಬಂಡಿಗೆ ಹೇರಿದ್ದ. "ಮೊಳಿ ಹೊಡದಿದ್ರ ಹೋಗೂದು ಇಷ್ಟು ಹಗುರ ಆಗ್ತಿರಲಿಲ್ಲ ತಮ್ಮಾ" ಎಂದ. ಅಲ್ಲಿ ಮತ್ತೆ ಕುರ್ಚಿ ಮಾಡಲಿಲ್ಲವಂತೆ. ರೈತರ ಕುಂಟೆ, ಕೂರಿಗೆ ರಿಪೇರಿ ಮಾಡುತ್ತಲೇ ತೀರಿಹೋದ.

ಈಗ ಕನ್ನಡನಾಡು ಒಂದಾಗಬೇಕೆಂಬ ಸಭೆಗಳಲ್ಲಿ ಕಾಕಾ ಭಾಷಣ ಮಾಡುತ್ತಾರೆ. ಮೊನ್ನೆ ಬಿಸಿಲಿಗೆ ನಮ್ಮ ಮನೆಯ ಮೋನಪ್ಪನ ಕುರ್ಚಿ ಬಾಗಿತ್ತು. ಪಡಸಾಲೆಯಲ್ಲಿ ಕೂತು ಬೆಣೆ ಕೀಳುತ್ತಿದ್ದರು. ನಾನು ಎದುರಿಗೆ ಕೂತು ಕೇಳಿದೆ:

"ಕಾಕಾ, ಇದು ನಿಮಗ ಅವತ್ತೂ ಗೊತ್ತಿತ್ತಲ್ರಿ. ಮತ್ತ ಒಂದ್ ಮಾತು ಯಾಕ ಆಡಲಿಲ್ಲ?"