ಅಜ್ಜನ ವಯಸ್ಸಿನಿಂದ ನಾನು ಒಂದು ವರ್ಷ ಕದ್ದದ್ದು

ನನ್ನ ಕೈಯಿಂದ ಹಾಳಾದ ವಸ್ತುಗಳ ಪಟ್ಟಿ ಮಾಡಿದರೆ ಅದರಲ್ಲಿ ಒಂದು ಕುಕ್ಕರ್, ಎರಡು ಗಡಿಯಾರ, ಸೋದರಮಾವನ ಮೋಟಾರ್ ಸೈಕಲ್ಲು ಮತ್ತು ಪಕ್ಕದ ಮನೆಯವರ ಸತ್ಯನಾರಾಯಣ ಪೂಜೆ ಬರುತ್ತವೆ. ಇವೆಲ್ಲ ಸಣ್ಣ ಸಾಧನೆಗಳು. ದೊಡ್ಡದೆಂದರೆ, ಒಂದೇ ಒಂದು ಫಾರ್ಮು ತುಂಬಿ, ಜನ್ಮವೆಲ್ಲ ಮಕ್ಕಳಿಗೆ ಗಣಿತ ಕಲಿಸಿದ ನನ್ನ ಅಜ್ಜನನ್ನು ಸರ್ಕಾರದ ಕಡತದಲ್ಲಿ ಸುಳ್ಳು ವಯಸ್ಸಿನ ಮನುಷ್ಯನನ್ನಾಗಿ ಮಾಡಿದ್ದು.

ಆ ನೋಟಿಸು ಬಂದಾಗ ನಾವಿಬ್ಬರೂ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ, ತಣ್ಣಗಿನ ಶಹಾಬಾದ್ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅಜ್ಜ ಎಡಗೈಯಲ್ಲಿ ಕಾಗದ ಹಿಡಿದು ಒಮ್ಮೆ ಓದಿದ, ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ಓದಿದ, ಆಮೇಲೆ ನನ್ನ ಕಡೆ ಚಾಚಿದ.

"ಲೇ ತಮ್ಮಾ, ಇದನ್ನ ಓದು. ಹೊಸಾ ಕಣ್ಣು ತಪ್ಪ ಓದ್ಲಿಕತ್ತಾವೇನು ನೋಡು."

ಕಣ್ಣು ಸರಿಯಾಗಿಯೇ ಓದಿದ್ದವು. ಎಂಬತ್ತು ತುಂಬಿದ ಪಿಂಚಣಿದಾರರಿಗೆ ಸರ್ಕಾರ ಒಂದಿಷ್ಟು ಹೆಚ್ಚುವರಿ ಪಿಂಚಣಿ ಕೊಡುತ್ತದೆ. ಅಜ್ಜನಿಗೂ ಅದು ಬರುತ್ತಿತ್ತು. ಈಗ ಆ ಕಚೇರಿಯವರು, ನೀವು ನಿಜವಾಗಿ ಎಂಬತ್ತು ತುಂಬುವುದಕ್ಕೆ ಒಂದು ವರ್ಷ ಮೊದಲೇ ಅದನ್ನು ಪಡೆಯಲು ಶುರು ಮಾಡಿದ್ದೀರಿ, ಆ ವರ್ಷದ್ದೆಲ್ಲ ತಿಂಗಳ ಪಿಂಚಣಿಯಲ್ಲಿ ಮುರಿದುಕೊಳ್ಳುತ್ತೇವೆ, ತಕರಾರಿದ್ದರೆ ಮೂವತ್ತು ದಿನದೊಳಗೆ ದಾಖಲೆ ಸಮೇತ ಬನ್ನಿ ಎಂದು ಬರೆದಿದ್ದರು. ನಾನು ರೊಟ್ಟಿ ಕೆಳಗಿಟ್ಟದ್ದು ಅದಕ್ಕಲ್ಲ. ನಡುವೆ ಒಂದು ಸಾಲಿತ್ತು: 'ತಾವೇ ಭರ್ತಿ ಮಾಡಿ ಸಲ್ಲಿಸಿದ ನಮೂನೆಯಂತೆ.'

ಭರ್ತಿ ಮಾಡಿದ್ದು ನಾನು.

ಹಿಂದಿನ ವರ್ಷ ಅಜ್ಜನ ಕಣ್ಣಿನ ಪೊರೆ ತೆಗೆಸಿದಾಗ ಆ ಫಾರ್ಮು ಬಂದಿತ್ತು. ಎಂಬತ್ತು ದಾಟಿದವರೆಲ್ಲ ಹುಟ್ಟಿದ ತಾರೀಖು ಬರೆದು, ಶಾಲೆಯ ದಾಖಲೆಯ ನಕಲು ಲಗತ್ತಿಸಿ ಕೊಡಬೇಕಿತ್ತು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅಜ್ಜ ಸ್ಪಷ್ಟವಾಗಿ ಹೇಳಿದ್ದ: "ಪಿಂಚಣಿ ಪುಸ್ತಕದಾಗ ಹೆಂಗದನೋ ಹಂಗ ಬರಿ. ನಿನ್ನ ಶ್ಯಾಣ್ಯಾತನ ಹಚ್ಚಬ್ಯಾಡ."

ಶ್ಯಾಣ್ಯಾತನ ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ಡಿಗ್ರಿ ಮುಗಿಸಿ ಮೂರು ಸಲ ಸರ್ಕಾರಿ ಪರೀಕ್ಷೆ ಬರೆದು, ಮೂರೂ ಸಲ ಗಣಿತದಲ್ಲಿಯೇ ಮಣ್ಣು ಮುಕ್ಕಿದವನು ನಾನು. ಆದರೆ ಆ ವಾರ ಮೊಬೈಲು ನೋಡಿ ಉರ್ದು ಅಂಕಿಗಳನ್ನು ಕಲಿತಿದ್ದೆ. ಹತ್ತು ಅಂಕಿ ಕಲಿತ ಮನುಷ್ಯನಿಗೆ ಎಲ್ಲೆಲ್ಲೂ ಉರ್ದುವೇ ಕಾಣುತ್ತದೆ. ಅಜ್ಜನ ಟ್ರಂಕಿನಲ್ಲಿ ಕುರಕುಂಟಾದ ಶಾಲೆಯ ಕಾಗದವಿತ್ತು. ಅವನು ಶಾಲೆಗೆ ಸೇರಿದ್ದು ನಿಜಾಮರ ಕಾಲ. ಕಾಗದ ಉರ್ದುವಿನಲ್ಲಿ, ಹುಟ್ಟಿದ ವರ್ಷ ಆಗಿನ ಸರ್ಕಾರದ ಫಸಲಿ ಪಂಚಾಂಗದ ಲೆಕ್ಕದಲ್ಲಿ. ಫಸಲಿಗೆ ಐದುನೂರ ತೊಂಬತ್ತೊಂದು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ ಎಂದು ಮೊಬೈಲು ಹೇಳಿತು. ಕೂಡಿಸಿದೆ. ತಾರೀಖು, ತಿಂಗಳು ಪಿಂಚಣಿ ಪುಸ್ತಕದ್ದು, ವರ್ಷ ಉರ್ದು ಕಾಗದದ್ದು. ಆ ಖಿಚಡಿಯನ್ನು, ನನ್ನ ಮಟ್ಟಿಗೆ ಚಂದದ ಅಕ್ಷರದಲ್ಲಿ, ಬರೆದೆ. ಪುಸ್ತಕದ ವರ್ಷಕ್ಕೂ ನನ್ನ ವರ್ಷಕ್ಕೂ ಒಂದು ವರ್ಷದ ವ್ಯತ್ಯಾಸ ಬಂದಾಗ, ಇಷ್ಟು ದಿನ ಸರ್ಕಾರವೇ ತಪ್ಪಿತ್ತು ಎಂದು ತೀರ್ಮಾನಿಸಿ ಹೆಮ್ಮೆಪಟ್ಟೆ. ಅಜ್ಜ ತಡವರಿಸಿಕೊಂಡು ಸಹಿ ಮಾಡಿದ.

ಇನ್ನು ನಕಲಿನ ಕತೆ. ಬಸ್ ಸ್ಟ್ಯಾಂಡಿನ ಎದುರಿಗೆ ಒಬ್ಬ ಚಾಚಾ ಝರಾಕ್ಸ್ ಅಂಗಡಿ ಇಟ್ಟಿದ್ದರು. ಕಾಗದ ಅಗಲ, ಯಂತ್ರದ ಗಾಜು ಸಣ್ಣದು. "ಪೂರಾ ಬರಂಗಿಲ್ಲ ಬೇಟಾ. ಯಾವ ಬಾಜು ಬಿಡ್ಲಿ?" ಎಂದು ಕೇಳಿದರು. ಸಾಲು ಎಡಗಡೆಯಿಂದಲೇ ಶುರುವಾಗುತ್ತದೆ ಎಂದು ಒಂದನೇ ಇಯತ್ತೆಯಿಂದ ನಂಬಿದ ಕನ್ನಡ ಶಾಲೆಯ ಹುಡುಗ ನಾನು. "ಎಡಬಾಜು ಪೂರಾ ಬರ್ಲಿ ಚಾಚಾ, ಬಲಬಾಜು ಹೋದ್ರ ಹೋಗ್ಲಿ" ಎಂದೆ. ಉರ್ದುವಿನ ಸಾಲು ಬಲಗಡೆಯಿಂದ ಶುರುವಾಗುತ್ತದೆ. ತಾರೀಖು, ತಿಂಗಳು ಎಲ್ಲ ಆ ಬಲಬಾಜಿನಲ್ಲಿಯೇ ಇದ್ದವು. ನಕಲಿನಲ್ಲಿ ಉಳಿದದ್ದು ವರ್ಷವೊಂದೇ. ಅಷ್ಟೂ ಸಾಲದೆಂಬಂತೆ, ನಕಲು ಎತ್ತಿಕೊಂಡು ಬಂದ ನಾನು ಅಸಲನ್ನು ಯಂತ್ರದ ಮುಚ್ಚಳದ ಕೆಳಗೇ ಬಿಟ್ಟು ಬಂದಿದ್ದೆ. ಇದು ನನಗೆ ಗೊತ್ತಾದದ್ದು, ನೋಟಿಸು ಬಂದ ದಿನ ಟ್ರಂಕು ತೆರೆದಾಗ.

ಅಜ್ಜ ಬೈದಿದ್ದರೆ ಸಸಾರವಾಗುತ್ತಿತ್ತು. ಪುಸ್ತಕದಲ್ಲಿದ್ದಂತೆಯೇ ಬರೆದಿದ್ದೇನೆ ಎಂದು ನಂಬಿದ್ದ ಅವನಿಗೆ ನನ್ನ ಮೇಲೆ ಸಂಶಯವೇ ಬರಲಿಲ್ಲ. ಅವನು ಮರುದಿನದಿಂದ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ನಿವೃತ್ತ ಮಾಸ್ತರರ ದಂಡು ದಿನಾ ಬೆಳಿಗ್ಗೆ ಅಲ್ಲಿ ಸೇರುತ್ತಿತ್ತು, ಅಜ್ಜ ಅದರ ಮುಖ್ಯ ಗದ್ದಲಗಾರ. ನಾನು ಕೇಳಿದ್ದಕ್ಕೆ ಹೇಳಿದ:

"ಯಾವ ರೊಕ್ಕಲೆ ಚಹಾ ಕುಡೀಲೋ? ಪರೀಕ್ಷಾದಾಗ ಕಾಪಿ ಹೊಡದ ಹುಡುಗೂರಿಗೆ ಬಡದಾಂವ ನಾ. ಈಗ ಸರ್ಕಾರ ನಂಗೇ ಕಾಪಿ ಹೊಡದೀ ಅಂತದ. ಖರೆ ಯಾವುದು, ಸುಳ್ಳು ಯಾವುದು ತಿಳಿಯೋತನ ಪಿಂಚಣಿ ರೊಕ್ಕದ ಕಿಸೆಕ್ಕ ಕೈ ಹಾಕಂಗಿಲ್ಲ."

ಚಹಾ ಬಿಟ್ಟ ಅಜ್ಜನನ್ನು ನೋಡಿದ್ದು ಅದೇ ಮೊದಲು. ಆಗಲೇ ಒಪ್ಪಿಕೊಳ್ಳಬಹುದಿತ್ತು. ನಾನು "ಅಜ್ಜಾ, ಆ ಶಾಲೀ ಕಾಗದ ಹುಡುಕಿ ತರ್ತೀನಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ.

ಬಸ್ ಸ್ಟ್ಯಾಂಡಿನ ಎದುರಿಗೆ ಝರಾಕ್ಸ್ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರು ತೂಗಾಡುತ್ತಿದ್ದವು. ಚಾಚಾ ಚಿತ್ತಾಪುರಕ್ಕೆ ಹೋದರು ಎಂದು ಯಾರೋ ಹೇಳಿದರು. ರೈಲು ಹತ್ತಿದೆ. ಚಿತ್ತಾಪುರ ಬರುವಷ್ಟರಲ್ಲಿ, ಮುಂದಿನ ಮೂವತ್ತು ದಿನಗಳ ಚಿಂತೆ ಮಾಡುತ್ತ ಮಾಡುತ್ತ, ಗೊರಕೆ ಹೊಡೆಯುತ್ತಿದ್ದೆ. ಎಚ್ಚರವಾದಾಗ ವಾಡಿ. ಅಲ್ಲಿ ಎರಡು ತಾಸು ಕಾದು, ಮೂರು ಪ್ಲೇಟು ಭಜಿ ತಿಂದು, ವಾಪಸ್ ಚಿತ್ತಾಪುರಕ್ಕೆ ಬಂದು ವಿಚಾರಿಸಿದರೆ ಒಬ್ಬ ಟೇಲರು ನಕ್ಕುಬಿಟ್ಟ: "ಅಂವ ಇಲ್ಲೆಲ್ಲಿ ಅದಾನ್ರೀ? ಹೆಂಡ್ತಿ ಊರು ಚಿಂಚೋಳಿ. ಅಲ್ಲಿ ಅಂಗಡಿ ಹಾಕ್ಯಾನ." ಸೇಡಂನಿಂದ ಚಿತ್ತಾಪುರ ಒಂದು ದಿಕ್ಕು, ಚಿಂಚೋಳಿ ಪೂರಾ ಬೇರೆ ದಿಕ್ಕು. ನನ್ನ ಪ್ರವಾಸಗಳೆಲ್ಲ ಹೀಗೇ.

ಮರುದಿನ ಬಸ್ಸಿನಲ್ಲಿ ಚಿಂಚೋಳಿ. ಚಾಚಾ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಅದು ಪ್ರೀತಿಯಿಂದೇನಲ್ಲ. "ನೀ ಐದು ರೂಪಾಯಿ ಚಿಲ್ಲರ್ ಕೊಡ್ಬೇಕು" ಎಂದರು. ಕೊಟ್ಟೆ. ಆಮೇಲೆ ವಿಷಯ ಹೇಳಿದೆ. ಅವರು ಕುರ್ಚಿ ಹತ್ತಿ ಅಟ್ಟದಿಂದ ಒಂದು ಬಿಸ್ಕೀಟಿನ ತಗಡಿನ ಡಬ್ಬಿ ಇಳಿಸಿದರು. ತುಂಬ ಕಾಗದ: ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಹೊಲದ ಪಹಣಿ, ಒಬ್ಬರ ಲಗ್ನದ ಕುಂಡಲಿ.

"ನೋಡು ಬೇಟಾ, ದುನಿಯಾ ಹಿಂಗೇ. ನಕಲು ಎದೀಗೆ ಅವಚಿಕೊಂಡು ಹೋಗ್ತಾರ, ಅಸಲು ಇಲ್ಲೇ ಬಿಡ್ತಾರ. ನಾ ಒಂದೂ ಒಗದಿಲ್ಲ. ಯಾರದರ ಜಿಂದಗಿ ಇರ್ತದ ಅದರಾಗ."

ಡಬ್ಬಿಯ ತಳದಲ್ಲಿ ಅಜ್ಜನ ಕಾಗದವಿತ್ತು. ನಾಲ್ಕು ಮಡಿಕೆ, ಹಳದಿ, ಒಂದು ಮೂಲೆಯಲ್ಲಿ ಬಿಸ್ಕೀಟಿನ ವಾಸನೆ. ನಾನು ಅಂಗಡಿಯಲ್ಲೇ ಒಂದು ಸುತ್ತು ಕುಣಿದು, ಶಾಯಿಯ ಬಾಟಲಿ ಉರುಳಿಸಿದೆ. ಚಾಚಾ ಕಾಗದವನ್ನು ಪಕ್ಕಕ್ಕೆ ಎಳೆದುಕೊಂಡು ಉಳಿಸಿ, ಬಲಗಡೆಯಿಂದ ಬೆರಳಿಟ್ಟು ಓದಿದರು.

"ಇಲ್ಲಿ ಬರದದ ನೋಡು, ಮಾಹೆ ದೈ. ದೈ ಅಂದ್ರ ಫಸಲಿದಾಗ ಎರಡ್ನೇ ತಿಂಗಳಾ. ನಮ್ಮ ದಾದಾ ಹೇಳ್ತಿದ್ರು. ಇದನ್ನೇ ನೀ ಅವತ್ತು 'ಹೋದ್ರ ಹೋಗ್ಲಿ' ಅಂದಿದ್ದಿ."

ಬರೀ ಚಾಚಾ ಓದಿದರೆ ಕಚೇರಿ ಒಪ್ಪುತ್ತದೆಯೇ? ಶಹಾಬಾದಿನ ಒಂದು ಉರ್ದು ಶಾಲೆಯ ಹೆಡ್‌ಮಿಸ್ ಅಜ್ಜನ ಹಳೆಯ ವಿದ್ಯಾರ್ಥಿನಿ ಎಂದು ತಿಳಿದು ಅಲ್ಲಿಗೂ ಹೋದೆ. ಅವರು ಸಾಲುಸಾಲಾಗಿ ಕನ್ನಡದಲ್ಲಿ ಬರೆದು, ಮೊಹರು ಒತ್ತಿ, "ಮಾಸ್ತರರಿಗೆ ಹೇಳು, ಹತ್ತೊಂಬತ್ತರ ಮಗ್ಗಿ ಇನ್ನೂ ನೆನಪದ. ಬಡದು ಕಲಿಸ್ಯಾರ, ಎಲ್ಲಿಗೆ ಹೋಗ್ತದ" ಎಂದರು. ನಡೆದುಕೊಂಡು ಸ್ಟೇಷನ್ನಿಗೆ ಬರುವಾಗ ನಾನು ಹತ್ತೊಂಬತ್ತರ ಮಗ್ಗಿ ಹೇಳಿ ನೋಡಿದೆ. ಎಪ್ಪತ್ತಾರಕ್ಕೆ ನಿಂತಿತು.

ಮೂವತ್ತು ದಿನಗಳಲ್ಲಿ ಇನ್ನು ನಾಲ್ಕು ಉಳಿದಾಗ ಇಬ್ಬರೂ ಕಚೇರಿಗೆ ಹೋದೆವು. ಅದು ಯಾವ ಊರಿನಲ್ಲಿದೆ ಎಂದು ಹೇಳುವುದಿಲ್ಲ. ಮುಂದೆಯೂ ಅಲ್ಲಿಗೇ ಹೋಗಬೇಕಿದೆ. ಅಜ್ಜ ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಅಧಿಕಾರಿ ಒಬ್ಬರು ಮೇಡಂ. "ಕುಂದ್ರಿ ಮಾಸ್ತರ್ರ" ಎಂದು ಕುರ್ಚಿ ಕೊಟ್ಟು, ಕಡತ ತೆರೆದು ಅಜ್ಜನ ಕಡೆ ತಿರುಗಿಸಿದರು.

"ನಾವು ಮನಸಿಗೆ ಬಂದಂಗ ನೋಟಿಸ್ ಕೊಡಂಗಿಲ್ರಿ. ಫಾರ್ಮು ನಿಮ್ಮದು, ಸಹಿ ನಿಮ್ಮದು. ಶಾಲೀ ದಾಖಲೆ ಮೂಲ ದಾಖಲೆ. ಈ ವರ್ಷ ನೀವೇ ಬರದೀರಿ, ಹೌದಲ್ರಿ?"

ಅಜ್ಜ ಬಗ್ಗಿ ಫಾರ್ಮನ್ನು ನೋಡಿದ. ನನ್ನ ಏಳು ಕುಡುಗೋಲಿನಂತಿರುತ್ತದೆ, ನಾಲ್ಕು ಮುರಿದ ಕುರ್ಚಿಯಂತೆ. ಚಿಕ್ಕಂದಿನಿಂದ ಆ ಅಂಕಿಗಳಿಗೆ ಕೆಂಪು ಗೆರೆ ಎಳೆದವನು ಅವನೇ. ಅವನ ಕುತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡತೊಡಗಿದೆ. ಅಜ್ಜ ಮತ್ತೆ ಮೇಡಂ ಕಡೆ ತಿರುಗಿ ಗಂಟಲು ಸರಿ ಮಾಡಿಕೊಂಡ.

"ಹೌದ್ರಿ. ಸಹಿ ನಂದು ಅಂದ ಮ್ಯಾಲ ಬರದದ್ದೂ ನಂದೇ."

ಜೀವನದಲ್ಲಿ ಒಂದು ಅಂಕಿ ಕೂಡ ತಪ್ಪು ಕೂಡಿಸದ ಮನುಷ್ಯ, ನನ್ನ ಲೆಕ್ಕವನ್ನು ತನ್ನದೆನ್ನುತ್ತಿದ್ದ. ನನಗೆ ಬೆನ್ನಿಗೆ ಬೆತ್ತ ಬಿದ್ದಂತಾಯಿತು. ಎದ್ದು ನಿಲ್ಲುವ ಭರದಲ್ಲಿ ಕುರ್ಚಿ ಹಿಂದಕ್ಕೆ ಬಿತ್ತು.

"ಇಲ್ರಿ ಮೇಡಂ! ಆ ಕೋಳಿ ಕಾಲಿನ ಅಕ್ಷರ ನಂದ್ರೀ. ಅಜ್ಜನ ಕಣ್ಣಿಗೆ ಬಟ್ಟಿ ಕಟ್ಟಿತ್ತು. ಪುಸ್ತಕದಾಗ ಇದ್ದಂಗ ಬರಿ ಅಂದ್ರೂ ನಾ ಉರ್ದು ಬರ್ತದಂತ ಬರದೆ. ಝರಾಕ್ಸೂ ನಾನೇ ಕಡಸೀನಿ. ಅಂವ ಸುಳ್ಳು ಹೇಳ್ಲಿಕತ್ತಾನ್ರೀ, ಜೀವನದಾಗ ಇದೇ ಮೊದ್ಲ!"

ಆಚೆ ಮೇಜಿನ ಗುಮಾಸ್ತ ಬಾಯಿಗೆ ಕರ್ಚೀಫು ಒತ್ತಿಕೊಂಡ. ಮೇಡಂ ನಗಲಿಲ್ಲ. ಕೈ ಚಾಚಿ ನನ್ನಿಂದ ಅಸಲು ಕಾಗದ ತೆಗೆದುಕೊಂಡು, ಕಡತದಲ್ಲಿದ್ದ ನಕಲನ್ನು ಅದರ ಮೇಲಿಟ್ಟರು. ಎಡ ಅಂಚಿಗೆ ಅಂಚು ಕೂಡಿತು. ಬಲಗಡೆ ಅಸಲಿನ ನಾಲ್ಕು ಬೆರಳಗಲ ಹೊರಗೆ ಇಣುಕಿತು. ಶಹಾಬಾದಿನ ಅನುವಾದ ಓದಿದರು.

"ದೈ ತಿಂಗಳಾ ಅಂತದ. ಇದರಿಂದ ವರ್ಷ ಹೆಂಗ ಬದಲಾಗ್ತದ್ರಿ ಮಾಸ್ತರ್ರ?"

ಅಷ್ಟೇ ಸಾಕಾಯಿತು. ಅಜ್ಜ ಕೊಡೆ ಊರಿ ಎದ್ದು ನಿಂತ. ತಿಂಗಳಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು.

"ನೋಡ್ರಿ, ನಮ್ಮ ಫಸಲಿ ವರ್ಷ ಶುರು ಆಗೋದು ಆಜೂರ್ ತಿಂಗಳದಾಗ. ಇಂಗ್ಲಿಷಿನಾಗ ಅಕ್ಟೋಬರ್. ದೈ ಅಂದ್ರ ನವೆಂಬರ್. ಜನೇವರಿ ಬರೋತನ ಹುಟ್ಟಿದವರಿಗೆ ಐದ್ನೂರಾ ತೊಂಬತ್ತು ಕೂಡ್ಸಬೇಕು. ಜನೇವರಿ ದಾಟಿದ ಮ್ಯಾಲ ಇಂಗ್ಲಿಷ್ ವರ್ಷ ಒಂದು ಮುಂದ ಹೋಗ್ತದ, ಅವರಿಗೆ ಐದ್ನೂರಾ ತೊಂಬತ್ತೊಂದು. ಈ ಶ್ಯಾಣ್ಯಾ ನಂಗೂ ತೊಂಬತ್ತೊಂದು ಕೂಡ್ಸಿ ನನ್ನ ಒಂದು ವರ್ಷ ತಡಾ ಹುಟ್ಟಿಸ್ಯಾನ. ಏ, ಹಿಂದಿನ ಬೆಂಚು! ತಿಳೀತೇನು?"

ಕರ್ಚೀಫಿನ ಗುಮಾಸ್ತ ಎದ್ದು ನಿಂತು "ತಿಳೀತ್ರಿ ಸರ್" ಎಂದ. ಪಕ್ಕದ ಕೋಣೆಯಿಂದಲೂ ಇಬ್ಬರು ಬಂದು ಬಾಗಿಲಲ್ಲಿ ನಿಂತಿದ್ದರು. ಅಜ್ಜ ಕೊಡೆಯ ತುದಿಯನ್ನು ನನ್ನ ಕಡೆ ತಿರುಗಿಸಿದ.

"ನೀ ಹೇಳು. ಡಿಸೆಂಬರದಾಗ ಹುಟ್ಟಿದ್ರ?"

"ತೊಂಬತ್ತೊಂ..." ಎಂದೆ. ಇಡೀ ಕಚೇರಿ "ತೊಂಬತ್ತು!" ಎಂದು ಕೂಗಿತು. ಮೇಡಂ ಧ್ವನಿ ಎಲ್ಲರಿಗಿಂತ ಜೋರಾಗಿತ್ತು. ಅವರು ನಗುತ್ತಲೇ ಕಾಗದದ ಮೇಲೆ ಐದುನೂರ ತೊಂಬತ್ತು ಕೂಡಿಸಿ, ಪಿಂಚಣಿ ಪುಸ್ತಕದ ವರ್ಷಕ್ಕೆ ತಾಳೆ ನೋಡಿದರು. ಒಂದಕ್ಕೊಂದು ಕೂಡಿಬಿಟ್ಟವು. ನನ್ನಿಂದ ಒಂದು ತಪ್ಪೊಪ್ಪಿಗೆಯ ಅರ್ಜಿ ಬರೆಸಿಕೊಂಡರು, ಅಂಕಿಗಳನ್ನು ಮಾತ್ರ ಗುಮಾಸ್ತನ ಕೈಯಿಂದ. ಎಂಟು ದಿನಕ್ಕೆ ಅಂಚೆಯಲ್ಲಿ ಆದೇಶ ಬಂತು: ಹುಟ್ಟಿದ ವರ್ಷ ಪಿಂಚಣಿ ಪುಸ್ತಕದಲ್ಲಿರುವಂತೆಯೇ ಸರಿ, ವಸೂಲಿ ಕೈಬಿಡಲಾಗಿದೆ.

ಅಜ್ಜ ಆ ಕಾಗದ ಮಡಿಸಿ ಕಿಸೆಯಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಟೊಪ್ಪಿಗೆ ಹಾಕಿದ. "ನಡಿ, ನೀನೂ ಬಾ" ಎಂದ. ಚಹಾದ ಅಂಗಡಿಯ ಬೆಂಚಿನಲ್ಲಿ ಮಾಸ್ತರರ ದಂಡು ಪೂರ್ತಿ ಹಾಜರಿತ್ತು.

"ಏನಪಾ, ಎಂಬತ್ತು ತುಂಬ್ಯಾವೋ ಇಲ್ಲೋ?" ಎಂದು ಒಬ್ಬರು ಕೆಣಕಿದರು.

"ನಂಗ ಯಾವಾಗೋ ತುಂಬ್ಯಾವ. ಸರ್ಕಾರಕ್ಕ ನಿನ್ನೆ ತುಂಬಿದ್ವು" ಎಂದ ಅಜ್ಜ, ಕಿಸೆಗೆ ಕೈ ಹಾಕಿ ನೋಟು ತೆಗೆದು ಅಂಗಡಿಯವನ ತಟ್ಟೆಯ ಮೇಲೆ ಬಡಿದ. "ಎಲ್ಲಾರಿಗೂ ಚಹಾ. ಒಬ್ಬೊಬ್ಬರಿಗೆ ನಾಕ್ನಾಕು ಮಿರ್ಚಿ ಭಜಿ. ನನ್ನ ರೊಕ್ಕ ಅದ, ಹೊಟ್ಟಿ ತುಂಬ ತಿನ್ರಿ."

ನಾನೂ ತಟ್ಟೆ ಚಾಚಿದೆ. ಅಜ್ಜ ಅಂಗಡಿಯವನ ಕೈ ಹಿಡಿದು ತಡೆದ.

"ಇವಂಗ ಮೂರೇ ಹಾಕು. ಒಂದು ಹೆಚ್ಚಿಗಿ ಕೂಡ್ಸ್ಯಾನ, ಮುರಕೋಬೇಕು."